ಎಡಬದಿಯ ಕೆಂಪು ಗೆರೆ

ಅಂಬೇವಾಡಿ, ದಾಂಡೇಲಿ
೧೧ ಆಗಸ್ಟ್ ೨೦೨೪, ರವಿವಾರ

ಪ್ರೀತಿಯ ನನ್ನವರಿಗೆ, ವಿದ್ಯಾಳ ನಮಸ್ಕಾರ.

ಮೊದಲು ನಿಮ್ಮ ಮೈ ಹೇಗಿದೆ ಹೇಳಿ. ಆ ಎತ್ತರದಲ್ಲಿ ಮೂಗಿನಿಂದ ರಕ್ತ ಬರುತ್ತದೆ ಎಂದು ಲೇಹದಿಂದ ಮಾಡಿದ ಕೊನೆಯ ಫೋನಿನಲ್ಲಿ ನಗುತ್ತ ಹೇಳಿದ್ದಿರಿ. ನೀವು ನಕ್ಕಿರೆಂದು ನಾನೂ ನಕ್ಕೆ. ಫೋನ್ ಇಟ್ಟ ಮೇಲೆ ಒಲೆಯ ಮುಂದೆ ಸುಮ್ಮನೆ ನಿಂತಿದ್ದೆ. ಅತ್ತೆಯವರು "ಹಾಲು ಉಕ್ಕಾಕತ್ತೈತಿ, ಎಲ್ಲೆ ಐತಿ ನಿನ್ನ ಲಕ್ಷ್ಯ?" ಎಂದಾಗಲೇ ಎಚ್ಚರವಾದದ್ದು. ಈಗ ರಕ್ತ ನಿಂತಿದೆಯೇ? ರಾಫ್ಟಿಗೆ ಹುಟ್ಟು ಹಾಕಿ ಹಾಕಿ ಅಂಗೈ ಒಡೆದಿರಬೇಕಲ್ಲ? ಆ ನೀರು ಹಿಮ ಕರಗಿ ಬರುವ ನೀರಂತೆ, ಒದ್ದೆಯಾದರೆ ಮೂಳೆಗೇ ಹತ್ತುತ್ತದಂತೆ. ನಮ್ಮ ಕಾಳಿ ಹೊಳೆಯಲ್ಲಿ ದಿನವಿಡೀ ನೆನೆದು ಬಂದರೂ ಒಂದು ಸೀನು ಬಾರದ ಮನುಷ್ಯ ನೀವು, ಆದರೆ ಕಾಳಿಯ ನೀರು ನಮ್ಮನ್ನು ಬಲ್ಲ ನೀರು. ಊಟಕ್ಕೆ ಅನ್ನ ಸಿಗುತ್ತದೆಯೋ, ದಿನವೂ ಆ ಪ್ಯಾಕೆಟ್ಟಿನ ಶಾವಿಗೆಯೋ? ಬರೆದು ತಿಳಿಸಿರಿ. ಸುಳ್ಳು ಬರೆಯಬೇಡಿ.

ನಿಮ್ಮ ಜೊತೆಗಾರ ಸುಭಾಸ ಇಂದು ಸಂಜೆ ಹೊರಟು ನಿಮ್ಮ ತಂಡ ಸೇರಿಕೊಳ್ಳುತ್ತಾನೆಂದು ನಿನ್ನೆ ಗೊತ್ತಾಯಿತು. ಕುಂಬಾರವಾಡದಿಂದ ಬರುವ ಬಸ್ಸಿನ ಭರವಸೆ ಇಲ್ಲದೆ ಅವನು ನಿನ್ನೆಯೇ ದಾಂಡೇಲಿಗೆ ಬಂದಿಳಿದು, ಏನಾದರೂ ಕೊಡುವುದಿದ್ದರೆ ಕೊಡಿ ಎಂದು ಮನೆಗೆ ಬಂದಿದ್ದ. ಜಂಸ್ಕಾರದ ಆ ಕಣಿವೆಯಲ್ಲಿ ಫೋನು ಹತ್ತುವುದಿಲ್ಲ. ಮನುಷ್ಯನಾದರೂ ಹೋಗುತ್ತಾನಲ್ಲ, ಅಷ್ಟೇ ಪುಣ್ಯ. ಮೊನ್ನೆ ಪಂಚಮಿಗೆ ಮಾಡಿದ ಶೇಂಗಾ ಉಂಡಿ, ತಂಬಿಟ್ಟು ಕಟ್ಟಿ ಕಳಿಸಿದ್ದೇವೆ. ಗುಳ್ಳಡಿಕಿ ಉಂಡಿ ಅತ್ತೆಯವರೇ ಕಟ್ಟಿದ್ದು, ಸ್ವಲ್ಪ ಗಟ್ಟಿ, ನಿಮ್ಮ ಹಲ್ಲಿಗೇನೂ ಆಗದು. ಈ ಸಲ ಪಂಚಮಿಗೆ ನನ್ನ ಅಣ್ಣ ಮುಂಡಗೋಡದಿಂದ ಕರೆಯಲು ಬಂದಿದ್ದ. ನಾನು ತವರಿಗೆ ಹೋಗಲಿಲ್ಲ. ಯಾಕೆ ಹೋಗಲಿಲ್ಲ ಎನ್ನುವುದನ್ನು ಹೇಳುವುದಕ್ಕೇ ಈ ಪತ್ರ.

ಇಲ್ಲಿ ಮಳೆ ಬಿಟ್ಟಿಲ್ಲ. ಹೊಳೆ ಕೆಂಪಗೆ ತುಂಬಿ ಹರಿಯುತ್ತಿದೆ. ನಿಮ್ಮ ರಾಫ್ಟುಗಳೆಲ್ಲ ಗಾಳಿ ಬಿಟ್ಟು ಮಡಚಿ ಗಣೇಶಗುಡಿಯ ಶೆಡ್ಡಿನಲ್ಲಿ ಮಲಗಿವೆ. ನಾನು ಎಂದಿನಂತೆ ಇಶ್ರತಕ್ಕನ ಕಂಪ್ಯೂಟರ್ ಅಂಗಡಿಗೆ ಹೋಗುತ್ತೇನೆ. ಪಹಣಿ, ಪರೀಕ್ಷೆಯ ಅರ್ಜಿ, ಆಧಾರಿನ ತಿದ್ದುಪಡಿ ಎಲ್ಲ ಅವರೇ ನೋಡಿಕೊಂಡು, ವೆಬ್‌ಪುಟಗಳ ಕೆಲಸವನ್ನು ನನಗೆ ಬಿಟ್ಟಿದ್ದಾರೆ. ಜೋಯಿಡಾ ಕಡೆಯ ಹೋಂಸ್ಟೇಗಳೆಲ್ಲ ಮಳೆ ಮುಗಿಯುವುದರೊಳಗೆ ತಮ್ಮ ಪುಟ ಹೊಸದಾಗಲಿ ಎನ್ನುತ್ತವೆ. ಒಂದರಲ್ಲಿ ನಿಮ್ಮ ಫೋಟೊ ಇದೆ, ಗೊತ್ತೇ? ಹೆಲ್ಮೆಟ್ಟು, ಎರಚಿದ ನೀರು, ಮುಖ ಕಾಣುವುದೇ ಇಲ್ಲ. ಆದರೆ ಹುಟ್ಟು ಹಿಡಿದ ಆ ಮೊಣಕೈ ನಿಮ್ಮದೇ. ಆ ಫೋಟೊವನ್ನು ಅಂಕಣದ ಅಗಲಕ್ಕೆ ಕತ್ತರಿಸುವ ಕೆಲಸ ನನ್ನ ಪಾಲಿಗೆ ಬಂತು. ಎಷ್ಟು ಕತ್ತರಿಸಿದರೂ ನನಗೆ ಸಮ ಅನಿಸಲಿಲ್ಲ. ಇಶ್ರತಕ್ಕ ಹಿಂದೆ ಬಂದು ನಿಂತು "ಬಿಡವಾ ಇನ್ನ ಆ ಫೋಟೊ, ಸವದ್ ಹೋದೀತು" ಎಂದರು. ಈಗಲೂ ದಿನಕ್ಕೊಮ್ಮೆ ಆ ಪುಟ ತೆರೆದು, ನಿಮ್ಮನ್ನು ನೋಡಿ, ಮುಚ್ಚಿ, ಆಮೇಲೆ ಬೇರೆ ಕೆಲಸ ಹಿಡಿಯುತ್ತೇನೆ.

ಆ ಪುಟದಲ್ಲೇ ನಾನು ಗೆರೆ ಹಾಕುವುದನ್ನು ಕಲಿತದ್ದು. ಹೋಂಸ್ಟೇ ಮಾಲಕರಿಗೆ ಬರಹವೆಲ್ಲ ಪೇಪರಿನ ಹಾಗೆ ಎರಡು ಅಂಕಣದಲ್ಲಿ ಬರಬೇಕಿತ್ತು, ನಡುವೆ ಒಂದು ಗೆರೆ ಇರಬೇಕಿತ್ತು. ಕೋಡಿನಲ್ಲಿ ಅದಕ್ಕೆ ಕಾಲಮ್ ರೂಲ್ ಎನ್ನುತ್ತಾರೆ. ಎಷ್ಟು ದಪ್ಪ, ಯಾವ ನಮೂನೆ, ಯಾವ ಬಣ್ಣ ಎಂದು ಒಂದೇ ಸಾಲಿನಲ್ಲಿ ಬರೆದರೆ ಗೆರೆ ತಾನೇ ಬಂದು ನಡುವೆ ನಿಲ್ಲುತ್ತದೆ. ಇಷ್ಟು ಚಿಕ್ಕ ಕಲಿಕೆ. ಇದು ನಮ್ಮ ಮನೆಗೆ ಬೇಕಾಗುತ್ತದೆಂದು ಯಾರಿಗೆ ಗೊತ್ತಿತ್ತು?

ಮಾವನವರ ಪೇಪರು ನಿಮಗೆ ಹೊಸದಲ್ಲ. ಕಾಗದದ ಮಿಲ್ಲಿನಲ್ಲಿದ್ದಾಗ ಪಾಳಿ ಯಾವುದಿದ್ದರೂ ಪೇಪರು ಓದದೆ ಊಟಕ್ಕೆ ಕೂತವರಲ್ಲ ಎಂದು ನೀವೇ ಹೇಳಿದ್ದಿರಿ. "ನಾವ ಮಾಡಿದ ಹಾಳಿ ಮ್ಯಾಲೆ ಏನ ಬರದಾರ ನೋಡೂಣು" ಎಂದು ಬಿಡಿಸುತ್ತಿದ್ದರಂತೆ. ನಾನು ಈ ಮನೆಗೆ ಸೊಸೆಯಾಗಿ ಬಂದ ಮೊದಲ ಬೆಳಗ್ಗೆ ನನ್ನನ್ನು ಎಬ್ಬಿಸಿದ್ದು ಅವರ ಓದಿನ ದನಿಯೇ. ಅತ್ತೆಯವರಿಗೆ ಅಕ್ಷರ ಬಾರದು. ಅವರು ಅಕ್ಕಿ ಆರಿಸುತ್ತ, ಕಾಯಿಪಲ್ಲೆ ಹೆಚ್ಚುತ್ತ ಕೂತರೆ ಮಾವನವರು ಊರ ಸುದ್ದಿ, ದೇಶದ ಸುದ್ದಿ, ಕಡೆಗೆ ಶ್ರದ್ಧಾಂಜಲಿಯವರೆಗೆ ಗಟ್ಟಿಯಾಗಿ ಓದುತ್ತಿದ್ದರು. ಅತ್ತೆಯವರು "ಹೂಂ" ಅನ್ನುತ್ತಿದ್ದರು. ಆ ಹೂಂ ತಡವಾದರೆ ಅವರು ಓದು ನಿಲ್ಲಿಸಿ "ಕೇಳಾಕತ್ತೀಯಿಲ್ಲ?" ಎನ್ನುತ್ತಿದ್ದರು. ಇಬ್ಬರೂ ಮಾತಾಡಿಕೊಳ್ಳುತ್ತಿದ್ದದ್ದು ಹೆಚ್ಚುಕಡಿಮೆ ಅಷ್ಟೇ. ಹೋಳಿ ಹುಣ್ಣಿಮೆಯ ಆಸುಪಾಸು ಅವರಿಗೆ ಲಕ್ವ ಹೊಡೆದಾಗ ಎಡಗೈ, ಎಡಗಾಲು ಬಿದ್ದವು, ಮೊದಲ ಕೆಲವು ದಿನ ಮಾತಿರಲಿಲ್ಲವಾದರೂ ನಾಲಿಗೆ ಉಳಿಯಿತು. ನೀವೇ ಹೊತ್ತು ಆಸ್ಪತ್ರೆಗೆ ಒಯ್ದಿರಿ, ನೀವೇ ನಡೆಸಿದಿರಿ. ಕೈಕಾಲು ತಿರುಗಿ ಬಂದಾಗ, ಎಲ್ಲ ಸರಿಯಾಯಿತು ಎಂದು ನಾವೆಲ್ಲ ತಿಳಿದೆವು. ಪೇಪರೂ ಮತ್ತೆ ಕೈಗೆ ಬಂತು, ಓದೂ ಕೇಳತೊಡಗಿತು. ಸುದ್ದಿಯನ್ನು ಕಿವಿಗೊಟ್ಟು ಕೇಳಿದವರು ನಮ್ಮಲ್ಲಿ ಯಾರೂ ಇರಲಿಲ್ಲ. ನೀವು ಶೆಡ್ಡಿಗೆ ಹೋಗಿರುತ್ತಿದ್ದಿರಿ, ನಾನು ನಲ್ಲಿಯ ಹತ್ತಿರ ಇರುತ್ತಿದ್ದೆ.

ನೀವು ಹೋಗಿ ಸ್ವಲ್ಪ ದಿನಗಳಾಗಿದ್ದವು. ಮಳೆಗೆ ಬಟ್ಟೆಯನ್ನು ಒಳಗೆ ಹರವುತ್ತ ಅವರ ಹತ್ತಿರವೇ ನಿಂತಿದ್ದೆ. ಮಾವನವರು ಮೊದಲಿನ ಅದೇ ಗತ್ತಿನಲ್ಲಿ ಓದುತ್ತಿದ್ದರು: "ಸೇತುವೆ ಮೇಲೆ ಕೆಟ್ಟು ನಿಂತ ನೂತನ ದಂಪತಿಗಳನ್ನು ಕ್ರೇನ್ ತರಿಸಿ ಹಿರಿಯರು ಆಶೀರ್ವದಿಸಿದರು." ನನಗೆ ನಗು ಬಂತು, ಕೈಯಲ್ಲಿದ್ದ ಬಟ್ಟೆ ಅಲ್ಲೇ ಬಿಟ್ಟೆ. ಹಿಂದಿನಿಂದ ಬಗ್ಗಿ ನೋಡಿದೆ. ಒಂದು ಅಂಕಣದಲ್ಲಿ ಹಳಿಯಾಳ ರಸ್ತೆಯ ಸೇತುವೆ ಮೇಲೆ ಲಾರಿ ಕೆಟ್ಟು ನಿಂತ ಸುದ್ದಿ, ಪಕ್ಕದ್ದರಲ್ಲಿ ಸಾಮೂಹಿಕ ವಿವಾಹದ ಸುದ್ದಿ. ಅವರ ಕಣ್ಣು ಒಂದರ ಸಾಲನ್ನು ಅರ್ಧದಿಂದ ಹಿಡಿದು, ನಡುವಿನ ಸಂದು ದಾಟಿ, ಪಕ್ಕದ್ದರಲ್ಲಿ ಇಳಿಯುತ್ತಿತ್ತು. ಅತ್ತೆಯವರ ಕಡೆ ನೋಡಿದೆ. ಅವರು ಬೆಂಡೇಕಾಯಿ ಹೆಚ್ಚುತ್ತ "ಹೂಂ" ಎಂದರು. ಒಂದು ಹೂಂ ಕೂಡ ತಡವಾಗಲಿಲ್ಲ. ನನ್ನ ಕಣ್ಣಿಗೆ ಕಣ್ಣು ಕೂಡಿದಾಗ ಮಾತ್ರ, ಸುಮ್ಮನಿರು ಎನ್ನುವಂತೆ ತಲೆ ಅಲ್ಲಾಡಿಸಿದರು. ಅವರಿಗೆ ಮೊದಲ ದಿನದಿಂದಲೂ ಗೊತ್ತಿತ್ತು.

ಹಾಗೆಯೇ ನಡೆದುಹೋಗುತ್ತಿತ್ತೇನೋ. ಆದರೆ ಮಾವನವರ ಜೊತೆ ಮಿಲ್ಲಿನಲ್ಲಿದ್ದ ಬಸಲಿಂಗಯ್ಯನವರು ಒಂದು ಬೆಳಗ್ಗೆ ಚಹಾಕ್ಕೆ ಬಂದರು. ಮಾವನವರು ಅವರಿಗೂ ಅವತ್ತಿನ ಸುದ್ದಿ ಹೇಳಿದರು. ಕಬ್ಬಿನ ಬಾಕಿಗೆ ಆಗ್ರಹಿಸಿ ಚಿರತೆಯೊಂದು ತಹಶೀಲ್ದಾರರಿಗೆ ಮನವಿ ಕೊಟ್ಟಿತು ಎನ್ನುವಂಥ ಸುದ್ದಿ. ಬಸಲಿಂಗಯ್ಯನವರು ಚೇಷ್ಟೆ ಎಂದೇ ತಿಳಿದು ತೊಡೆ ತಟ್ಟಿಕೊಂಡು ನಕ್ಕರು. "ಏನ್ ಯಲ್ಲಪ್ಪ, ಲಕ್ವ ಹೊಡದ ಮ್ಯಾಲೆ ಭಾಳ ಚಾಷ್ಟಿ ಕಲ್ತೀ ಬಿಡು!" ಮಾವನವರು ನಗಲಿಲ್ಲ. ಪೇಪರನ್ನು ನೋಡಿದರು, ಬಸಲಿಂಗಯ್ಯನವರ ಮುಖ ನೋಡಿದರು, ಆಮೇಲೆ ಅತ್ತೆಯವರ ಮುಖ ನೋಡಿದರು. ಅತ್ತೆಯವರು ಕಣ್ಣು ತಪ್ಪಿಸಿದರು. ಅಷ್ಟೇ ನಡೆದದ್ದು. ಮರುದಿನ ಪೇಪರು ಬಿಡಿಸಲಿಲ್ಲ. ಅದರ ಮರುದಿನ ಪೇಪರು ಹಾಕುವವನನ್ನು ನಿಲ್ಲಿಸಿ "ನಾಳಿಯಿಂದ ಬ್ಯಾಡ" ಎಂದರು. ಕೇಳಿದ್ದಕ್ಕೆ "ಸುದ್ದಿ ಏನ್ ಇರ್ತೈತಿ, ಎಲ್ಲಾ ಅದ ಅದ" ಎಂದು ಗೋಡೆಯ ಕಡೆ ತಿರುಗಿ ಮಲಗಿದರು. ಊಟ ಅರ್ಧಕ್ಕೆ ಬಿಡತೊಡಗಿದರು. ಕಾಲಿನ ವ್ಯಾಯಾಮಕ್ಕೆ ಎಬ್ಬಿಸಿದರೆ ಏಳಲೊಲ್ಲರು. ನಿಮಗೆ ಹೇಳಬೇಕೆಂದು ಎಷ್ಟೋ ಸಲ ಅಂದುಕೊಂಡೆ. ಅಷ್ಟರಲ್ಲಿ ನೀವು ಕಣಿವೆಗೆ ಇಳಿದಾಗಿತ್ತು. ನನ್ನ ಫೋನಿನಲ್ಲಿ ಆ ಹೆಂಗಸಿನ ದನಿ, ನೀವು ವ್ಯಾಪ್ತಿಯ ಹೊರಗಿದ್ದೀರೆಂದು ಎರಡು ಭಾಷೆಯಲ್ಲಿ ಹೇಳುತ್ತಿತ್ತು. ಒಂದೊಂದು ಸಲ ಅವಳ ಮಾತು ಮುಗಿಯುವವರೆಗೂ ಹಿಡಿದುಕೊಂಡೇ ಇರುತ್ತಿದ್ದೆ.

ಅತ್ತೆಯವರು ಬೇಡುವ ಹೆಂಗಸಲ್ಲ, ನಿಮಗೇ ಗೊತ್ತು. ಅವರು ಹಿತ್ತಲಿಗೆ ಬಂದು ನನ್ನ ಕೈ ಹಿಡಿದುಕೊಂಡರು. "ಪೇಪರ್ ನಿಂತ್ರ ಅವರೂ ನಿಂತ್ರು ಅಂತ ತಿಳಿ. ನಿನಗ ಆ ಮಷೀನಿನ ವಿದ್ಯಾ ಗೊತ್ತೈತಿ. ಏನರ ಮಾಡವಾ." ನಾನು ಮಾಡಿದ ಮೊದಲ ಕೆಲಸ ಎಲ್ಲರೂ ಮಾಡುವಂಥದೇ. ಫೋನಿನಲ್ಲಿ ಸುದ್ದಿ ತೆಗೆದು, ಅಕ್ಷರ ದೊಡ್ಡದು ಮಾಡಿ, ಒಂದೇ ಅಂಕಣದಲ್ಲಿ ಅವರ ಮುಂದೆ ಹಿಡಿದೆ. ಕೈಯಲ್ಲಿ ಹಿಡಿಯಲೇ ಇಲ್ಲ. "ಇದೇನು ಪೇಪರ್ ಏನವಾ? ಔಷಧಿ ಚೀಟಿ ಇದ್ದಂಗ ಐತಿ" ಎಂದರು. ಮಿಲ್ಲಿನವರಿಗೆ ಪೇಪರೆಂದರೆ ಅಗಲವಾಗಿರಬೇಕು, ಅಂಕಣ ಇರಬೇಕು. ನನಗೆ ಸಿಟ್ಟು ಬಂತು, ಆಮೇಲೆ ಸರಿಯೆಂದೂ ಅನಿಸಿತು. ಅವರಿಗೆ ಬೇಕಾದದ್ದು ಓದಲು ಬರುವುದಷ್ಟೇ ಅಲ್ಲ, ಮೊದಲು ಓದುತ್ತಿದ್ದ ಹಾಗೆಯೇ ಓದುವುದು.

ಇಶ್ರತಕ್ಕ ತಮ್ಮ ಅಂಗಡಿಯ ದೊಡ್ಡ ಹಳೆಯ ಟ್ಯಾಬನ್ನು ಕೊಟ್ಟರು. "ಒಯ್ಯಿ. ಚಾಚಾ ಓದಿದ ಮ್ಯಾಲೆ ಕೊಡು, ಗಡಬಡಿ ಇಲ್ಲ" ಎಂದರು. ಮಾವನವರಿಗಾಗಿಯೇ ಒಂದು ಪುಟ ಮಾಡಿದೆ. ಎರಡು ಅಂಕಣ, ಮೇಲೆ ದಪ್ಪಕ್ಷರದ ತಲೆಬರಹ, ತಾರೀಖು. ದಿನವೂ ದಾಂಡೇಲಿ, ಹಳಿಯಾಳ, ಜೋಯಿಡಾದ ಸುದ್ದಿ ತಂದು ತುಂಬುತ್ತಿದ್ದೆ. ಕಣ್ಣು ಸಂದು ದಾಟದಂತೆ ನಡುವೆ ಗೆರೆ ಹಾಕಿದೆ. ಮೊದಲು ಹಾಕಿದ್ದು ಬೂದು ಬಣ್ಣದ ಸಣ್ಣ ಗೆರೆ, ಹೋಂಸ್ಟೇ ಪುಟದಲ್ಲಿ ಚಂದ ಕಂಡದ್ದು. ಅವರ ಕಣ್ಣು ಅದನ್ನು ಲೆಕ್ಕಕ್ಕೇ ಇಟ್ಟುಕೊಳ್ಳಲಿಲ್ಲ, ಹೊಸ್ತಿಲು ದಾಟಿದ ಹಾಗೆ ದಾಟಿತು. ಚುಕ್ಕೆಗಳ ಗೆರೆ ಹಾಕಿದರೆ "ಇರವಿ ಹೊಂಟಾವ ನೋಡು" ಎಂದು ಬೆರಳಿನಿಂದ ಒರೆಸಿದರು, ಪುಟವೇ ಸರಿದುಹೋಯಿತು. ಜೋಡಿ ಗೆರೆ ಹಾಕಿದರೆ ಅದರ ನಡುವೆ ಏನೋ ಬರೆದಿದೆ ಎಂದು ಹುಡುಕುತ್ತ ಕೂತರು. ಗೆರೆಯನ್ನು ದಪ್ಪ ಮಾಡಿದೆ. ಅದು ತನಗೆ ಬೇರೆ ಜಾಗ ಮಾಡಿಕೊಳ್ಳುವುದಿಲ್ಲ, ಸಂದಿನಲ್ಲೇ ಹಿಗ್ಗಿ ಅಕ್ಷರಗಳಿಗೆ ಒತ್ತಿಕೊಂಡಿತು. ಆಗ ಸಂದನ್ನೂ ಅಗಲ ಮಾಡಬೇಕಾಯಿತು. ಕಡೆಗೆ ಬಣ್ಣ. ಹಸಿರು ಹಾಕಿದೆ, ಆಗಲಿಲ್ಲ. ನೀಲಿ, ಅದೂ ಆಗಲಿಲ್ಲ. ಕೆಂಪು ಹಾಕಿದ ದಿನ ಅವರು ಗೆರೆಯ ಹತ್ತಿರ ಬಂದು ತಡೆದು ನಿಂತರು. ಬೆರಳು ಅದರ ಮೇಲೆ ಇಟ್ಟು, ಬಲಗಡೆಯ ಅಂಕಣವನ್ನು ಮೇಲಿನಿಂದ ಕೆಳಗಿನವರೆಗೆ ಒಂದು ಶಬ್ದವೂ ತಪ್ಪದೆ ಓದಿದರು. ಗುಡ್ಡದ ಮೇಲಿನ ಹಳ್ಳಿಗೆ ಬಸ್ ಬಿಡಬೇಕೆಂಬ ಸುದ್ದಿ. ಆ ಊರಿಗೆ ಬಸ್ಸು ಬಂದೇ ಬಿಟ್ಟಿತೇನೋ ಎಂಬಷ್ಟು ಖುಷಿ ನನಗೆ.

ಆದರೆ ಎಡಗಡೆಯ ಅಂಕಣ ಮೊದಲಿನ ಹಾಗೆಯೇ ಚೂರುಚೂರು. ಈಗ ಸಂದು ದಾಟುತ್ತಿರಲಿಲ್ಲ, ಕೆಂಪು ಕಂಡಲ್ಲಿ ನಿಲ್ಲುತ್ತಿದ್ದರು. ಆದರೆ ಪ್ರತಿ ಸಾಲನ್ನೂ ನಡುವಿನಿಂದ ಹಿಡಿಯುತ್ತಿದ್ದರು. "ಅರಣ್ಯ ಇಲಾಖೆ" ಎಂದಿದ್ದರೆ ಬರೀ "ಇಲಾಖೆ". ಒಂದೇ ಪುಟ, ಒಂದೇ ಅಕ್ಷರ, ಬಲಗಡೆಯದು ಓದುತ್ತಾರೆ, ಎಡಗಡೆಯದು ಯಾಕೆ ಆಗದು? ಟ್ಯಾಬನ್ನು ಅಂಗಡಿಗೆ ಒಯ್ದು ಇಶ್ರತಕ್ಕನ ಮುಂದಿಟ್ಟೆ. ಅವರು ಚಹಾ ಕುಡಿಯುತ್ತ ನೋಡಿದರು. "ಬಲಗಡೆ ಕಾಲಮ್ಮಿಗೆ ಎಡಕ್ಕ ಗೆರಿ ಐತಿ. ಎಡಗಡೆ ಕಾಲಮ್ಮಿಗೆ ಎಡಕ್ಕ ಏನೈತಿ? ಏನೂ ಇಲ್ಲ" ಎಂದರು. ಹೌದಲ್ಲ! ಆ ಗೆರೆ ಎರಡು ಅಂಕಣಗಳ ನಡುವೆ ಮಾತ್ರ ಬೀಳುತ್ತದೆ, ಹೊರಗಿನ ಅಂಚಿಗೆ ಬೀಳುವುದಿಲ್ಲ. ಇಡೀ ಬರಹದ ಎಡ ಅಂಚಿಗೆ ಬೇರೆಯಾಗಿ ಅಷ್ಟೇ ದಪ್ಪದ, ಅದೇ ಕೆಂಪಿನ ಅಂಚುಗೆರೆ ಹಾಕಿದೆ. ಅಂದರೆ ಅವರಿಗೆ ಗೆರೆ ಬೇಕಾದದ್ದು ಆಚೆ ಹೋಗದಂತೆ ತಡೆಯಲಿಕ್ಕಷ್ಟೇ ಅಲ್ಲ, ಎಡಕ್ಕೆ ಮರಳಿ ಬರಲಿಕ್ಕೆ. ಮನೆಗೆ ನಡೆದು ಬರುವಾಗ ಅವರು ಬಿಡುತ್ತಿದ್ದ ಊಟ ನೆನಪಾಯಿತು. ಅರ್ಧ ಊಟ ಎಂದರೆ ಯಾವ ಅರ್ಧ? ಅವತ್ತು ಮಧ್ಯಾಹ್ನ ನೋಡಿದೆ. ತಾಟಿನ ಬಲಭಾಗ ಬಳಿದ ಹಾಗಿತ್ತು. ಎಡಭಾಗದಲ್ಲಿ ಪಲ್ಯ, ಅರ್ಧ ರೊಟ್ಟಿ ಹಾಗೆಯೇ ಇದ್ದವು. ತಾಟನ್ನು ಸುಮ್ಮನೆ ತಿರುಗಿಸಿಟ್ಟೆ. "ಮತ್ತ ಬಡಿಸಿದೇನು?" ಎಂದು ಕೇಳಿ ಅದನ್ನೂ ಉಂಡರು. ಪಲ್ಯ ಸೇರುವುದಿಲ್ಲವೆಂದು ಅಷ್ಟು ದಿನ ಬೈದುಕೊಂಡಿದ್ದ ಅತ್ತೆಯವರು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಒಳಗೆ ಹೋದರು.

ಲಕ್ವ ಹೊಡೆದಾಗ ನೋಡಿದ್ದ ಧಾರವಾಡದ ಡಾಕ್ಟರ್ ಮೇಡಂ ಹತ್ತಿರ ಮತ್ತೆ ಕರೆದುಕೊಂಡು ಹೋದೆವು. ಬಸಲಿಂಗಯ್ಯನವರೇ ತಮ್ಮ ಅಳಿಯನ ಗಾಡಿ ತರಿಸಿದರು. ನಕ್ಕ ಪಾಪ ಅವರನ್ನು ಸುಡುತ್ತಿತ್ತು, ದಾರಿಯುದ್ದಕ್ಕೂ ಮಾವನವರ ಹೆಗಲ ಮೇಲೆ ಕೈ ಇಟ್ಟೇ ಕೂತಿದ್ದರು. ಮೇಡಂ ಒಂದು ಹಾಳೆಯ ಮೇಲೆ ಅಡ್ಡಕ್ಕೆ ಉದ್ದ ಗೆರೆ ಎಳೆದು, "ಅಜ್ಜಾರ, ಇದರ ನಟ್ಟನಡುವ ಒಂದ್ ಗುರುತು ಹಾಕ್ರಿ" ಎಂದರು. ಮಾವನವರು ನಗುತ್ತ ಪೆನ್ನು ತಗೊಂಡು ಬಹಳ ಬಲಕ್ಕೆ, ಹೆಚ್ಚುಕಡಿಮೆ ತುದಿಗೇ ಗುರುತು ಹಾಕಿದರು. "ನಡುವ ಐತೇನ್ರಿ?" "ಹೌದ್ರಿ, ನಟ್ಟನಡುವ." ಅತ್ತೆಯವರು ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದರು. ಮೇಡಂ ನಮಗೆ ತಿಳಿಯುವ ಹಾಗೆ ಹೇಳಿದರು. ಕಣ್ಣಿಗೆ ಏನೂ ಆಗಿಲ್ಲ. ಲಕ್ವ ಹೊಡೆದಾಗ ಮೆದುಳು ಎಡಗಡೆಗೆ ಗಮನ ಕೊಡುವುದನ್ನೇ ಬಿಟ್ಟಿದೆ. "ಅವರಿಗೆ ಎಡಗಡೆ ಕತ್ತಲಿ ಐತಿ ಅಂತ ತಿಳೀಬ್ಯಾಡ್ರಿ. ಕತ್ತಲಿ ಇದ್ರ ಗೊತ್ತಾಗ್ತಿತ್ತು. ಎಡಗಡೆ ಅನ್ನೂದ ಇಲ್ಲ ಅವರಿಗೆ" ಎಂದರು. ಮೊದಲ ಸಲ ಆಸ್ಪತ್ರೆಯಲ್ಲಿದ್ದಾಗ ನಾವೆಲ್ಲ ಕೈಕಾಲಿನ ಚಿಂತೆಯಲ್ಲಿದ್ದೆವು. ಇದನ್ನು ಆಗಲೇ ಹೇಳಿದ್ದರೂ ನಮ್ಮ ತಲೆಗೆ ಹೋಗಿರಲಿಕ್ಕಿಲ್ಲ. ಟ್ಯಾಬಿನ ಪುಟ ತೋರಿಸಿದೆ. ಕೆಂಪು ಗೆರೆ ಇರಲಿ, ಆದರೆ ಗೆರೆ ತಾನಾಗಿ ಕೆಲಸ ಮಾಡುವುದಿಲ್ಲ, ಪ್ರತಿ ಸಾಲಿಗೂ ಮೊದಲು ಕೆಂಪನ್ನು ಹುಡುಕಬೇಕು, ಸಿಕ್ಕ ಮೇಲೆ ಓದಬೇಕು, ಬೇಸರವಾದರೂ ದಿನಾಲು ಮಾಡಬೇಕು ಎಂದು ಮಾವನವರ ಬೆರಳು ಹಿಡಿದು ಕಲಿಸಿದರು. ಗಾಡಿ ಹತ್ತುವ ಮುಂಚೆ ಮಾವನವರು ನನ್ನನ್ನು ಕರೆದು "ಅಂದ್ರ ನನಗ ಹುಚ್ಚ ಹಿಡಿದಿಲ್ಲ, ಹೌದಿಲ್ಲ?" ಎಂದು ಸಣ್ಣ ದನಿಯಲ್ಲಿ ಕೇಳಿದರು. ಅದೇ ಹೆದರಿಕೆಯನ್ನು ಹೊಟ್ಟೆಯಲ್ಲಿಟ್ಟುಕೊಂಡು ಅವರು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದರು ಎಂದು ಆಗ ತಿಳಿಯಿತು. ನೀವಿದ್ದಿದ್ದರೆ ಆ ಹೊತ್ತಿಗೆ ನಾನು ನಿಮ್ಮ ತೋಳು ಹಿಡಿದುಕೊಳ್ಳುತ್ತಿದ್ದೆ. ಗಾಡಿಯ ಬಾಗಿಲು ಹಿಡಿದುಕೊಂಡೆ.

ಪಂಚಮಿಯ ದಿನ ಬೆಳಗ್ಗೆ ಅಣ್ಣ ಬಂದು ಕೂತಿದ್ದ. ನನ್ನ ಚೀಲವೂ ತುಂಬಿಯಾಗಿತ್ತು. ಮಾವನವರು ಟ್ಯಾಬನ್ನು ತೊಡೆಯ ಮೇಲಿಟ್ಟುಕೊಂಡು, ಕೇಳದೆಯೇ, ಗಟ್ಟಿಯಾಗಿ ಓದತೊಡಗಿದರು. ಎಡಗಡೆಯ ಅಂಕಣ. ಪ್ರತಿ ಸಾಲಿಗೂ ಬೆರಳು ಕೆಂಪು ಗೆರೆಯವರೆಗೆ ಹೋಗಿ ತಟ್ಟಿ ಬರುತ್ತಿತ್ತು. ಮುಂಡಗೋಡ ಕಡೆ ಆನೆಗಳು ಗೋವಿನಜೋಳದ ಹೊಲಕ್ಕೆ ನುಗ್ಗಿದ್ದು, ಊರವರು ಪಟಾಕಿ ಹಾರಿಸಿದ್ದು, ಮರಿಯಾನೆ ಹಿಂದೆ ಉಳಿದದ್ದು, ತಾಯಿ ತಿರುಗಿ ಬಂದು ಕರೆದುಕೊಂಡು ಹೋದದ್ದು. ಎಲ್ಲಿಯೂ ಲಾರಿ ಬರಲಿಲ್ಲ, ಮದುಮಕ್ಕಳು ಬರಲಿಲ್ಲ. ಅತ್ತೆಯವರು ಉಂಡಿ ಕಟ್ಟುತ್ತಿದ್ದವರು ಹೂಂ ಅನ್ನುವುದನ್ನೇ ಮರೆತರು. ಮಾವನವರು ತಲೆಯೆತ್ತಿ "ಕೇಳಾಕತ್ತೀಯಿಲ್ಲ?" ಎಂದರು. "ಕೇಳಾಕತ್ತೇನ್ರಿ. ಇವತ್ತ ತಿಳೀತು ನೋಡ್ರಿ" ಎಂದುಬಿಟ್ಟರು ಅತ್ತೆಯವರು. ಅಂದ ಮೇಲೆ ಗಾಬರಿಯಾದರು. ಮಾವನವರು ಟ್ಯಾಬು ಕೆಳಗಿಟ್ಟರು. "ಅಂದ್ರ ಇಷ್ಟ ದಿನ ತಿಳೀತಿರಲಿಲ್ಲ? ಮತ್ಯಾಕ ಹೂಂ ಅಂತಿದ್ದಿ?" ಅತ್ತೆಯವರು ಕೈಯಲ್ಲಿದ್ದ ಉಂಡಿಯನ್ನೇ ನೋಡುತ್ತ ಹೇಳಿದರು: "ನಿಮ್ಮ ದನಿ ಕೇಳ್ತಿತ್ತಲ್ರಿ. ದವಾಖಾನ್ಯಾಗ ಅದೂ ಇರಲಿಲ್ಲ. ಸುದ್ದಿ ತಗೊಂಡು ನಾ ಏನ್ ಮಾಡ್ಲಿ?" ಮಾವನವರು ಟ್ಯಾಬು ತಗೊಂಡು, ಕನ್ನಡಕ ಒರೆಸಿಕೊಂಡು, ಆನೆಯ ಸುದ್ದಿಯನ್ನು ಮೊದಲಿನಿಂದ ಮತ್ತೊಮ್ಮೆ ಓದಿದರು. ನಾನು ಚೀಲದಿಂದ ಸೀರೆ ತೆಗೆದು ಮತ್ತೆ ಮಡಚಿಟ್ಟೆ. ಅಣ್ಣ ಚಹಾ ಕುಡಿದು, ಉಂಡಿ ಕಟ್ಟಿಸಿಕೊಂಡು ಒಬ್ಬನೇ ಹೋದ. ಅವನಿಗೂ ಸಿಟ್ಟಾಗಲಿಲ್ಲ.

ನಿನ್ನೆಯಿಂದ ಪೇಪರು ಮತ್ತೆ ಬರುತ್ತಿದೆ, ಕಾಗದದ ಪೇಪರು. ಅದರಲ್ಲಿ ನನ್ನ ಕೋಡು ನಡೆಯುವುದಿಲ್ಲವಲ್ಲ. ಬೆಳಗ್ಗೆ ಎದ್ದು ಬಂದು ನೋಡಿದರೆ ಅತ್ತೆಯವರು ನೆಲದ ಮೇಲೆ ಪೇಪರು ಹರವಿಕೊಂಡು, ನಿಮ್ಮ ಶಾಲೆಯ ಹಳೆಯ ಸ್ಕೇಲನ್ನು ಮೊಣಕಾಲಿನಿಂದ ಒತ್ತಿ ಹಿಡಿದು, ಕೆಂಪು ಸ್ಕೆಚ್ ಪೆನ್ನಿನಿಂದ ಅಂಕಣಗಳ ಸಂದಿನಲ್ಲಿ ಗೆರೆ ಎಳೆಯುತ್ತಿದ್ದರು. ಮೊದಲನೆಯ ಅಂಕಣದ ಎಡಕ್ಕೂ ಮರೆಯದೆ ಒಂದು. ಒಂದೆರಡು ಕಡೆ ಗೆರೆ ಜಾರಿ ಯಾವುದೋ ಮಂತ್ರಿಯ ಮುಖದ ಮೇಲೆ ಹೋಗಿತ್ತು. "ಅಕ್ಷರ ಬರೂದಿಲ್ಲ, ಸಂದಿ ಕಾಣತೈತಲ್ಲ" ಎಂದು ನಕ್ಕರು. ನಾನು ಮಾಡುತ್ತೇನೆ ಕೊಡಿ ಎಂದರೆ ಕೊಡಲಿಲ್ಲ. ಮಾವನವರು ಕಟ್ಟೆಯ ಮೇಲೆ ಕಾಯುತ್ತ, "ಆತೇನ? ಅಚ್ಚಿಗೆ ಹ್ವಾದಂಗ ಆತಲ್ಲ ಇದು" ಎಂದು ಗೊಣಗುತ್ತಿದ್ದರು. ಎಲ್ಲವೂ ಸರಿಹೋಗಿಲ್ಲ. ದಣಿದರೆ ಈಗಲೂ ಸಾಲು ತಪ್ಪುತ್ತದೆ, ಬಾಗಿಲ ಎಡ ಚೌಕಟ್ಟಿಗೆ ಭುಜ ತಾಗಿಸಿಕೊಳ್ಳುತ್ತಾರೆ. ಆದರೆ ಗೋಡೆಯ ಕಡೆ ತಿರುಗಿ ಮಲಗುವುದು ನಿಂತಿದೆ.

ನಾನು ಚೆನ್ನಾಗಿದ್ದೇನೆ. ಚೆನ್ನಾಗಿದ್ದೇನೆ ಎಂದು ಬರೆದು ನೋಡಿದೆ, ಪೂರ್ತಿ ನಿಜವಲ್ಲ. ಮಳೆ ಜೋರಾದಾಗ ತಗಡಿನ ಸದ್ದಿನಲ್ಲಿ ನಿಮ್ಮ ಬೈಕು ಬಂದ ಹಾಗೆ ಕೇಳುತ್ತದೆ. ಎದ್ದು ಹೋಗುವುದಿಲ್ಲ, ಆದರೆ ಕೈಯಲ್ಲಿನ ಕೆಲಸ ನಿಲ್ಲುತ್ತದೆ. ಇಶ್ರತಕ್ಕ ನಿಮಗೆ ಸಲಾಮು ಹೇಳಿದ್ದಾರೆ. ಬಸಲಿಂಗಯ್ಯನವರು ಲೇಹದಿಂದ ಒಣ ಜರ್ದಾಳು ಹಣ್ಣು ತರಲು ಹೇಳಿದ್ದಾರೆ. ನಿಮ್ಮ ಅವ್ವ ಅಪ್ಪ ಇಬ್ಬರದೂ ನಿಮಗೆ ಆಶೀರ್ವಾದ. ನೀರಿಗಿಳಿಯುವ ಮುಂಚೆ ಲೈಫ್ ಜಾಕೆಟ್ಟಿನ ಬಕ್ಕಲನ್ನು ಎರಡನೇ ಸಲ ಎಳೆದು ನೋಡಿರಿ, ನನಗಾಗಿ.

ನಿಮ್ಮ ದಾರಿ ನೋಡುತ್ತಿರುವ,
ವಿದ್ಯಾವತಿ

ತಾ.ಕ.: ಸುಭಾಸ ಬಾಗಿಲಲ್ಲಿ ನಿಂತಿದ್ದಾನೆ, ಹುಬ್ಬಳ್ಳಿ ಬಸ್ಸಿಗೆ ಹೊತ್ತಾಯಿತಂತೆ. ಮುಖ್ಯವಾದದ್ದೇ ಉಳಿಯಿತು. ನೀವು ಹೊರಟ ಬೆಳಗ್ಗೆ ಮಾವನವರು ಕಟ್ಟೆಯ ಮೇಲೆ ಕೂತಿದ್ದರು. ನೀವು ಅವರ ಎಡಗಾಲು ಮುಟ್ಟಿ, ಎಡಕ್ಕೇ ನಿಂತು, "ಬರ್ತೇನಪಾ" ಎಂದಿರಿ. ಅವರು ಬಲಕ್ಕೆ ಮುಖ ತಿರುಗಿಸಿದರು. ಬಸ್ ಸ್ಟ್ಯಾಂಡಿನಲ್ಲಿ ನೀವು "ನಾ ಹೊಳಿ ಕೆಲಸಕ್ಕ ಹೋಗೂದು ಅಪ್ಪಗ ಸೇರೂದಿಲ್ಲ, ಮಾರಿ ಸೈತ ನೋಡಲಿಲ್ಲ" ಎಂದದ್ದು, ಆಮೇಲೆ ಫೋನಿನಲ್ಲಿ ಒಮ್ಮೆಯೂ ಅಪ್ಪನಿಗೆ ಕೊಡು ಎನ್ನದಿದ್ದದ್ದು ನನಗೆ ಗೊತ್ತಿದೆ. ನಾನೂ ಸಿಟ್ಟೆಂದೇ ತಿಳಿದಿದ್ದೆ. ಈಗ ಅವರನ್ನೇ ಕೇಳಿ ಬಂದೆ. "ಅವನ ದನಿ ಕೇಳಿತವಾ, ತಿರುಗಿ ನೋಡಿದ್ನಿ, ಯಾರೂ ಇರಲಿಲ್ಲ. ಹೇಳದ ಹ್ವಾದ ಅಂತ ಇಷ್ಟ ದಿನ ಸುಮ್ಮ ಕುಂತೇನಿ" ಎಂದು ಅತ್ತರು. ನೀವು ಎಡಕ್ಕೆ ನಿಂತಿದ್ದಿರೆಂದು ಹೇಳಿದೆ. ಬಹಳ ಹೊತ್ತು ಎಡಗಡೆ ಕತ್ತು ತಿರುಗಿಸಿ ಆ ಜಾಗವನ್ನೇ ಹುಡುಕಿದರು. ಲೇಹಕ್ಕೆ ಬಂದು ಫೋನು ಹತ್ತಿದೊಡನೆ ಮೊದಲು ಅವರೊಂದಿಗೆ ಮಾತಾಡಿರಿ. ಸೀಸನ್ ಮುಗಿಸಿ ಬಂದಾಗ ಅವರ ಬಲಗಡೆ ಬಂದು ನಿಲ್ಲಿರಿ. ನನ್ನ ಹತ್ತಿರ ಯಾವ ಕಡೆಯಿಂದಾದರೂ ಬನ್ನಿ, ಬೇಗ ಬನ್ನಿ.